ಹಿಮ್ಮುಖವಾಗಿ ಓಡಿದ ಅಕ್ಷರದ ನಾಯಿ

ಜೂನ್ ೩, ಸೋಮವಾರ

ಈ ನೋಟ್‌ಬುಕ್ಕನ್ನು ಅಕ್ಕನ ಮಗಳು ಕೊಟ್ಟಿರುವುದು ಅಕ್ಕನ ಮಾತ್ರೆಗಳ ಹೊತ್ತು ಬರೆದಿಡಲಿಕ್ಕೆ. "ಮಾವ, ಕೊಟ್ಟ ತಕ್ಷಣ ಬರೀಬೇಕು. ನಂಗೆ ಎಲ್ಲಾ ನೆನಪಿರುತ್ತೆ ಅಂತ ಜಂಬ ಕೊಚ್ಚಬಾರದು" ಎಂದಳು. ನನಗೆ ಎಲ್ಲವೂ ನೆನಪಿರುತ್ತದೆ. ಆದರೂ ಹುಡುಗಿಯ ಮನಸ್ಸು ನೋಯಿಸಬಾರದೆಂದು ಮುಂದಿನ ಹಾಳೆಗಳಲ್ಲಿ ಮಾತ್ರೆ ಬರೆಯುತ್ತೇನೆ. ಹಿಂದಿನ ಹಾಳೆಗಳು ನನ್ನವು. ಇವನ್ನು ಯಾರೂ ಓದಕೂಡದು. ಓದಿದವರ ಕಣ್ಣು ಹೋಗುತ್ತದೆ. ಇಲ್ಲಿಯವರೆಗೆ ಓದಿದವರಿಗೆ ಈಗಾಗಲೇ ತಡವಾಯಿತು.

ನಾನು ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿ ಓದಿದವನು. ಆದರೆ ಮೂವತ್ತೊಂದು ವರ್ಷ ಅಚ್ಚುಕೂಟದಲ್ಲಿ ಸೀಸದ ಅಕ್ಷರದ ಮೊಳೆ ಜೋಡಿಸಿದ್ದೇನೆ. ದೊಡ್ಡ ದೊಡ್ಡ ಡಿಗ್ರಿಯವರ ಪುಸ್ತಕಗಳು ಈ ಬೆರಳುಗಳ ಕೆಳಗೆ ತಲೆಬಾಗಿ ಹಾದುಹೋಗಿವೆ. ಇಂಗ್ಲಿಷ್ ಪುಸ್ತಕಗಳನ್ನೂ ಜೋಡಿಸಿದ್ದೇನೆ, ಒಂದು ಪದದ ಅರ್ಥವೂ ತಿಳಿಯದೆ, ಒಂದು ತಪ್ಪೂ ಇಲ್ಲದೆ. ಅರ್ಥ ಗೊತ್ತಿದ್ದವರೇ ತಪ್ಪು ಮಾಡುವುದು.

ಅಕ್ಕನ ಮನೆಗೆ ಬಂದದ್ದು ಹದಿನೈದು ದಿನದ ಮಟ್ಟಿಗೆ. ಎರಡು ತಿಂಗಳ ಹಿಂದೆ ಅಕ್ಕನಿಗೆ ಲಕ್ವ ಹೊಡೆಯಿತು. ಬಲಗೈ ಸೋತಿದೆ, ನಡಿಗೆ ನಿಧಾನವಾಗಿದೆ, ಮಾತು ಪೂರಾ ನಿಂತಿದೆ. ಅಕ್ಕ ಬಸ್‌ ನಿಲ್ದಾಣದ ಮೈಕಿನಲ್ಲಿ ಇಪ್ಪತ್ತೆಂಟು ವರ್ಷ ಬಸ್ಸು ಹೊರಡುವ ಹೊತ್ತು ಕೂಗಿದವಳು. ಅಂಥವಳು ಈಗ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾಳೆ. ನಾನು ಒಳಗೆ ಹೋಗಿ, "ಏನಕ್ಕಾ, ನಿನ್ನ ತಮ್ಮ ಬಂದಿದ್ದಾನೆ, ಊರೆಲ್ಲಾ ಸ್ವಾಗತಕ್ಕೆ ನಿಂತಿತ್ತು" ಎಂದೆ. ಮೊದಲಾಗಿದ್ದರೆ "ಬಾಯಿ ಮುಚ್ಚೋ" ಎನ್ನುತ್ತಿದ್ದಳು. ತಿರುಗಿ ನೋಡಿದಳು, ಮತ್ತೆ ಗೋಡೆಗೆ ತಿರುಗಿದಳು.

ಮಾತ್ರೆ: ಬಿಳಿಯದು ಕೊಟ್ಟಾಯಿತು. (ಇದನ್ನು ಮುಂದಿನ ಹಾಳೆಯಲ್ಲಿ ಬರೆಯಬೇಕಿತ್ತು.)

ಜೂನ್ ೪, ಮಂಗಳವಾರ

ಮಾತು ಕಲಿಸುವ ಮೇಡಂ ಬಂದಿದ್ದರು. ಮಂಗಳವಾರ, ಶುಕ್ರವಾರ ಬರುತ್ತಾರೆ. ಚೀಲದ ತುಂಬ ಚಿತ್ರದ ಕಾರ್ಡುಗಳು. ಒಂದು ಲೋಟದ ಚಿತ್ರ ಹಿಡಿದು, "ಅಮ್ಮಾ, ಇದು ಏನು ಹೇಳಿ? ಲೋ... ಲೋ..." ಎಂದರು. ಅಕ್ಕ ಕಣ್ಣು ಮುಚ್ಚಿಕೊಂಡಳು. ಮರದ ಚಿತ್ರ. ಕಣ್ಣು ಮುಚ್ಚಿಯೇ ಇದ್ದಳು. ಚಪ್ಪಲಿಯ ಚಿತ್ರಕ್ಕೆ ಒಂದು ಕಣ್ಣು ತೆರೆದಳು. ಎತ್ತಿ ಎಸೆಯಲು ನಿಜವಾದ ಚಪ್ಪಲಿ ಕೈಗೆ ಎಟುಕುತ್ತದೆಯೇ ಎಂದು ನೋಡಿದಳೆಂದು ನನ್ನ ಅನುಮಾನ.

ಹೊರಡುವಾಗ ಮೇಡಂ ಬಾಗಿಲ ಬಳಿ ತಗ್ಗಿದ ದನಿಯಲ್ಲಿ ಅಕ್ಕನ ಮಗಳಿಗೆ ಹೇಳಿದರು. "ಅವರಿಗೆ ಎಲ್ಲಾ ಅರ್ಥ ಆಗುತ್ತೆ, ಮಾತು ಬರೋ ಸಾಧ್ಯತೆಯೂ ಇದೆ. ಆದ್ರೆ ಅವರೇ ಬಾಯಿ ತೆರೆದು ಪ್ರಯತ್ನ ಮಾಡ್ಬೇಕು. ಈ ಮೊದಲ ತಿಂಗಳುಗಳನ್ನ ಕಳ್ಕೊಂಡ್ರೆ ಆಮೇಲೆ ತುಂಬ ಕಷ್ಟ."

"ಪ್ರಯತ್ನಾನೇ ಮಾಡಲ್ವಲ್ಲ ಮೇಡಂ."

"ಒಂದು ಸಲ, ಒಂದೇ ಒಂದು ಸಲ ಅವರಿಗೇ ಏನಾದ್ರೂ ಹೇಳ್ಬೇಕು ಅನ್ನಿಸ್ಬೇಕು."

ನಾನು ಮಧ್ಯೆ ಬಾಯಿ ಹಾಕಿದೆ. "ನನ್ನ ಕೈಗೆ ಬಿಡಿ ಮೇಡಂ. ಕಲ್ಲನ್ನು ಮಾತಾಡಿಸ್ತೀನಿ."

"ಕಲ್ಲು ಬೇಡ ಸರ್, ಅಮ್ಮನ್ನ ಮಾತಾಡಿಸಿ" ಎಂದು ಮೇಡಂ ಹೋದರು. ಚುರುಕು ಹೆಂಗಸು.

ಜೂನ್ ೭, ಶುಕ್ರವಾರ

ನಾಲ್ಕು ದಿನದಿಂದ ಹಾಸ್ಯ ಮಾಡಿದೆ, ಹಾಡಿದೆ, ಬಾಗಿಲಿಗೆ ತಲೆ ಬಡಿದುಕೊಂಡವನಂತೆ ನಟಿಸಿದೆ. ಕೊನೆಯದರಲ್ಲಿ ನಟನೆ ಸ್ವಲ್ಪ ಹೆಚ್ಚಾಗಿ ಹಣೆ ಊದಿದೆ. ಅಕ್ಕ ಗೋಡೆ ನೋಡುತ್ತಿದ್ದಾಳೆ. ಆ ಗೋಡೆಯಲ್ಲಿ ನನಗಿಂತ ಚೆನ್ನಾಗಿರುವುದು ಏನಿದೆಯೋ.

ಜೂನ್ ೮, ಶನಿವಾರ

ಇಂದು ಕಂಡದ್ದನ್ನು ಬರೆಯದಿದ್ದರೆ ಹೊಟ್ಟೆ ಒಡೆಯುತ್ತದೆ!

ಅಕ್ಕನ ಮಗಳ ಕೆಲಸವೆಂದರೆ ಮನೆಯಲ್ಲೇ ಕೂತು ಕಂಪನಿಯ ಕಂಪ್ಯೂಟರುಗಳನ್ನು ಕಾಯುವುದು. ದನ ಕಾಯುವ ಹಾಗೆಯೇ, ಆದರೆ ದನಗಳು ಕಾಣುವುದಿಲ್ಲ. ಅವಳ ಮುಂದೆ ಒಂದು ಕಪ್ಪು ಪರದೆ, ಅದರ ಮೇಲೆ ಬಿಳಿ ಅಕ್ಷರ, ಅಷ್ಟೆ. ಒಂದು ಸಾಲು ಅಪ್ಪಣೆ ಹೊಡೆಯುತ್ತಾಳೆ, ಕಂಪ್ಯೂಟರು ಒಂದು ಸಾಲು ಉತ್ತರ ಕೊಡುತ್ತದೆ. ಬಣ್ಣವಿಲ್ಲ, ಚಿತ್ರವಿಲ್ಲ. ಇದನ್ನು ನೋಡಿದರೆ ಅಳು ಬರುತ್ತದೆಂದುಕೊಂಡಿದ್ದೆ.

ಮಧ್ಯಾಹ್ನ ಚಹಾ ಕೊಡಲು ಹೋದರೆ ಆ ಕಪ್ಪು ಪರದೆಯ ಮೇಲೆ ಒಬ್ಬ ಮನುಷ್ಯ ದೋಣಿಯಲ್ಲಿ ಕೂತು ಗಾಳ ಹಾಕುತ್ತಿದ್ದ!

"ಏನೇ ಇದು?"

"ಸಿನಿಮಾ ಮಾವ. ಒಂದು ಮಷೀನು ಎದ್ದೇಳೋಕೆ ಹತ್ತು ನಿಮಿಷ ಬೇಕು, ಅಲ್ಲೀವರೆಗೆ ನೋಡ್ತಿದ್ದೆ."

ಕನ್ನಡಕ ಒರೆಸಿ ಹತ್ತಿರ ಹೋದೆ. ಮನುಷ್ಯನಲ್ಲ! ಅವನ ತಲೆ ಒಂದು ಸೊನ್ನೆ. ಕೈಗಳು ಎರಡು ಓರೆಗೆರೆ. ನೀರಿನ ಅಲೆ ಎಂದರೆ ಸಾಲಾಗಿ ಕೂರಿಸಿದ ಅಂಕುಡೊಂಕು ಗೆರೆಗಳು. ದೋಣಿ ಎಂದರೆ ಅಡಿಗೆರೆ, ಎರಡು ಪಕ್ಕಕ್ಕೆ ಎರಡು ಓರೆಗೆರೆ. ಎಲ್ಲ ಮೊಳೆಗಳು! ನನ್ನ ಮೊಳೆಗಳು! ಮೂವತ್ತೊಂದು ವರ್ಷ ನನ್ನ ಕೈಯಲ್ಲಿ ಸತ್ತ ಹೆಣದಂತೆ ಬಿದ್ದಿದ್ದ ಗುರುತುಗಳು ಇಲ್ಲಿ ಎದ್ದು ಮೀನು ಹಿಡಿಯುತ್ತಿವೆ!

ಆ ಮನುಷ್ಯನ ಗಾಳಕ್ಕೆ ಚಂದ್ರ ಸಿಕ್ಕಿಬಿದ್ದ. ಎಳೆದ, ಎಳೆದ, ದೋಣಿಗೆ ಹಾಕಿಕೊಂಡ. ಚಂದ್ರನ ಭಾರಕ್ಕೆ ದೋಣಿ ಮುಳುಗಿತು. ಸೊನ್ನೆ ತಲೆಯೊಂದು ಮಾತ್ರ ನೀರಿನ ಮೇಲೆ ತೇಲುತ್ತ ಇತ್ತು. ನಾನು ಕಿರುಚಿದ ರಭಸಕ್ಕೆ ಚಹಾ ಚೆಲ್ಲಿತು.

"ಇನ್ನೊಂದ್ಸಲ ಹಾಕೇ!"

"ಮಾವ, ನನಗೆ ಕೆಲ್ಸ ಇದೆ."

"ದನ ಎದ್ದಿಲ್ವಲ್ಲ ಇನ್ನೂ, ಹಾಕು!"

ದೂರದ ಯಾವುದೋ ಊರಿನ ಪುಣ್ಯಾತ್ಮನೊಬ್ಬ ಇದನ್ನು ತನ್ನ ಕಂಪ್ಯೂಟರಿನಲ್ಲಿ ಇಟ್ಟಿದ್ದಾನಂತೆ. ಇಲ್ಲಿಂದ ಒಂದು ಸಾಲು ಹೊಡೆದರೆ ಅಲ್ಲಿಂದ ಅಕ್ಷರಗಳು ಸಾಲುಗಟ್ಟಿ ಹರಿದು ಬರುತ್ತವೆ. ಒಂಬತ್ತು ಸಲ ನೋಡಿದೆ. ಹತ್ತನೆಯದಕ್ಕೆ ಅವಳು ನನ್ನನ್ನು ಹೊರಗೆ ತಳ್ಳಿ ಚಿಲಕ ಹಾಕಿಕೊಂಡಳು.

ಜೂನ್ ೯, ಭಾನುವಾರ

ಅಟ್ಟದಲ್ಲಿ ಧೂಳು ತಿನ್ನುತ್ತಿದ್ದ ಅವಳ ಹಳೆಯ ಕಂಪ್ಯೂಟರನ್ನು ಇಳಿಸಿ ಅಕ್ಕನ ಕೋಣೆಯಲ್ಲಿ, ಗೋಡೆಯ ಕಡೆಗೇ ಇಟ್ಟೆವು. ಅದು ನನ್ನ ಉಪಾಯ. ಅಕ್ಕ ಗೋಡೆಯನ್ನೇ ನೋಡುವುದಾದರೆ ಸಿನಿಮಾವೇ ಗೋಡೆಗೆ ಬರಲಿ.

ಅಪ್ಪಣೆಯ ಸಾಲನ್ನು ಅಕ್ಕನ ಮಗಳು ಚೀಟಿಯಲ್ಲಿ ಬರೆದುಕೊಟ್ಟಳು. ಮೊಳೆ ಆರಿಸಿದಂತೆ ಒಂದೇ ಬೆರಳಲ್ಲಿ ಹೊಡೆದೆ. "ಗೊತ್ತಿಲ್ಲ" ಎಂದಿತು ಕಂಪ್ಯೂಟರು. ಮತ್ತೆ ಹೊಡೆದೆ. ಮತ್ತೆ ಗೊತ್ತಿಲ್ಲ.

"ಮಧ್ಯೆ ಜಾಗ ಬಿಟ್ಟಿಲ್ಲ ಮಾವ."

"ಅಷ್ಟಕ್ಕೇ ಇಷ್ಟು ಸಿಟ್ಟಾ ಇದಕ್ಕೆ? ನಮ್ಮ ಅಚ್ಚುಕೂಟದ ಯಜಮಾನನೇ ವಾಸಿ."

ಮೂರನೆಯ ಸಲಕ್ಕೆ ದೋಣಿ ಬಂತು. ಅಕ್ಕ ಮೊದಲು ಕಣ್ಣು ಮುಚ್ಚಿದಳು. ನಾನು ಪಕ್ಕದಲ್ಲಿ ಕೂತು, "ನೋಡು, ಗಾಳ ಹಾಕ್ದ. ಆಹಾ, ಏನೋ ಸಿಕ್ತು" ಎಂದು ಒದರುತ್ತಿದ್ದೆ. ದೋಣಿ ಮುಳುಗುವ ಹೊತ್ತಿಗೆ ಕದ್ದು ನೋಡಿದರೆ ಅಕ್ಕನ ಎರಡು ಕಣ್ಣೂ ತೆರೆದಿದ್ದವು.

ಈ ಮನೆಯಲ್ಲಿ ಬುದ್ಧಿವಂತ ಯಾರೆಂದು ಇನ್ನು ಯಾರೂ ಕೇಳಬೇಕಾಗಿಲ್ಲ.

ಜೂನ್ ೧೩, ಗುರುವಾರ

ದಿನಕ್ಕೆ ಆರು ಸಲ ದೋಣಿ. ಅಕ್ಕ ಈಗ ದಿಂಬಿಗೆ ಒರಗಿ ಕೂತೇ ನೋಡುತ್ತಾಳೆ. ಚಂದ್ರ ಮೇಲೆ ಬರುವಾಗ ಎಡಗೈ ತಾನಾಗಿ ಮೇಲೇಳುತ್ತದೆ, ಅವಳೂ ಎಳೆಯುವಂತೆ. ಬಾಯಿ ಮಾತ್ರ ಬೀಗ.

ಜೂನ್ ೧೫, ಶನಿವಾರ

ದೋಣಿ ಬರಲಿಲ್ಲ. ಬೆಳಿಗ್ಗೆಯಿಂದ ಇಪ್ಪತ್ತು ಸಲ ಹೊಡೆದೆ. ಜಾಗ ಬಿಟ್ಟು ಹೊಡೆದೆ, ಬಿಡದೆ ಹೊಡೆದೆ, ಕೈಮುಗಿದು ಹೊಡೆದೆ. ಅಕ್ಕನ ಮಗಳು ಬಂದು ಏನೇನೋ ಪರೀಕ್ಷಿಸಿ ತಲೆಯಾಡಿಸಿದಳು. "ಆ ಕಡೆಯವರು ಮಷೀನು ನಿಲ್ಲಿಸಿಬಿಟ್ಟಿದ್ದಾರೆ ಮಾವ. ಇನ್ನು ಬರಲ್ಲ ಅನ್ಸುತ್ತೆ."

ಅಕ್ಕ ನಮ್ಮಿಬ್ಬರ ಮುಖ ನೋಡಿದಳು. ನಿಧಾನವಾಗಿ ಜಾರಿ ಮಲಗಿದಳು. ಈಗ ಗೋಡೆಯ ಕಡೆ ಕಂಪ್ಯೂಟರು ಇದೆಯಲ್ಲ, ಹಾಗಾಗಿ ಸೂರು ನೋಡುತ್ತಿದ್ದಾಳೆ.

ಹಳದಿ ಮಾತ್ರೆ ಕೊಡಲು ಅರ್ಧ ಗಂಟೆ ತಡವಾಯಿತು. ನನಗೆ ಏನೋ ಯೋಚನೆ.

ಜೂನ್ ೧೬, ಭಾನುವಾರ

"ಅಂಥದ್ದನ್ನು ನಾವೇ ಮಾಡೋಕಾಗಲ್ವೇನೇ?" ಎಂದೆ.

"ಆಗುತ್ತೆ. ಆದ್ರೆ ಒಂದೊಂದು ಚಿತ್ರಾನೂ ಅಕ್ಷರದಲ್ಲಿ ಜೋಡಿಸ್ಬೇಕು. ಸ್ವಲ್ಪ ಸ್ವಲ್ಪ ಬದಲಾಯಿಸಿ ನೂರಾರು ಚಿತ್ರ. ಒಂದನ್ನ ತೋರಿಸಿ ಅಳಿಸಿ ಇನ್ನೊಂದು ತೋರಿಸು ಅಂತ ಅಪ್ಪಣೆ ನಾನು ಬರೆದುಕೊಡ್ತೀನಿ. ಜೋಡಿಸೋರು ಯಾರು? ತಲೆ ಕೆಟ್ಟೋರೇ ಆಗ್ಬೇಕು."

ನಾನು ಎದ್ದು ನಿಂತೆ. ಎದೆ ಉಬ್ಬಿಸಿದೆ. ಕೆಲವು ಸಂದರ್ಭಗಳಲ್ಲಿ ನಿಂತರೆ ಸಾಕು.

ಜೂನ್ ೧೭, ಸೋಮವಾರ

ಕಥೆ ಯಾವುದು? ಯೋಚಿಸುವ ಪ್ರಶ್ನೆಯೇ ಇಲ್ಲ. ನಾನು ಅಕ್ಕನನ್ನು ಹುಚ್ಚುನಾಯಿಯಿಂದ ಕಾಪಾಡಿದ ಕಥೆ. ನನಗೆ ಆರು ವರ್ಷ, ಅಕ್ಕನಿಗೆ ಹನ್ನೊಂದು. ಹಿತ್ತಲಲ್ಲಿ ಆಡುತ್ತಿದ್ದೆವು. ನಾಯಿ ಬಂತು. ನಾನು ನಡುವೆ ನಿಂತು, ಕಣ್ಣಲ್ಲಿ ಕಣ್ಣಿಟ್ಟು ಗದರಿದೆ. ಓಡಿಹೋಯಿತು. ಅಚ್ಚುಕೂಟದಲ್ಲಿ, ಬೀಗರ ಮುಂದೆ, ಆಸ್ಪತ್ರೆಯ ಸಾಲುಗಳಲ್ಲಿ ಈ ಕಥೆ ಹೇಳಿ ಹೇಳಿ ನಾಯಿಯ ಗಾತ್ರ ಎಮ್ಮೆಯಷ್ಟಾಗಿದೆ. ಈ ಹಾಳೆಗಳನ್ನು ಯಾರೂ ಓದುವುದಿಲ್ಲ, ಆದ್ದರಿಂದ ಇಲ್ಲಿ ನಿಜವನ್ನೇ ಬರೆಯುತ್ತೇನೆ: ನಾಯಿ ಕರುವಿನಷ್ಟಿತ್ತು.

ಅಕ್ಕನಿಗೆ ತಮ್ಮನ ಧೈರ್ಯ ನೆನಪಾದರೆ ಅವಳಿಗೂ ಧೈರ್ಯ ಬರುತ್ತದೆ. ಇದು ವೈದ್ಯಶಾಸ್ತ್ರ.

ಜೂನ್ ೧೯, ಬುಧವಾರ

ನಲವತ್ತು ಚಿತ್ರ ಆಯಿತು. ಹುಡುಗನಿಗೆ ಸೊನ್ನೆ ತಲೆ, ಎದ್ದುನಿಂತ ಕೂದಲು. ಹುಡುಗಿಗೆ ಒಂದು ಜಡೆ. ನಾಯಿಗೆ ಕಿವಿ, ಬಾಲ, ಹಲ್ಲಿಗೆ ಗರಗಸದಂಥ ಗುರುತು. ಬೆನ್ನು ಹಿಡಿದುಕೊಂಡಿದೆ, ಬೆರಳು ತುದಿ ಜುಮ್ಮೆನ್ನುತ್ತದೆ, ಆದರೆ ಏನು ಖುಷಿ! ಚಿತ್ರದ ಎಡಗಡೆ ಒಂದೊಂದು ಖಾಲಿ ಜಾಗ ಹೆಚ್ಚಿಸಿದರೆ ನಾಯಿ ಒಂದೊಂದು ಹೆಜ್ಜೆ ಮುಂದೆ ಬರುತ್ತದೆ. ಖಾಲಿ ಜಾಗಕ್ಕೂ ಮೊಳೆ ಇದೆ ಎಂದು ನಾನು ಹೊಸಬರಿಗೆ ಹೇಳುತ್ತಿದ್ದೆ, ಯಾರೂ ಬೆಲೆ ಕೊಡುತ್ತಿರಲಿಲ್ಲ.

ಮಧ್ಯಾಹ್ನ ಅಕ್ಕನ ಮಗಳು ಕೇಳಿದಳು. "ಮಾವ, ಹದಿನೈದು ದಿನ ಅಂದಿದ್ದೆ. ನಿನ್ನ ಬಸ್ಸು ನಿನ್ನೆ ಇತ್ತಲ್ವಾ?"

"ಯಾವ ಬಸ್ಸು?" ಎಂದೆ. ನಾಯಿಯ ಹಿಂಗಾಲು ಸರಿಬರುತ್ತಿರಲಿಲ್ಲ.

ಜೂನ್ ೨೧, ಶುಕ್ರವಾರ

ಬೆಳಿಗ್ಗೆ ಮೊದಲ ಪ್ರದರ್ಶನ. ಪ್ರೇಕ್ಷಕರು ಇಬ್ಬರು: ಅಕ್ಕ, ಅಕ್ಕನ ಮಗಳು. ನಾನು ಪರದೆಯ ಪಕ್ಕದಲ್ಲಿ ನಿಂತು ವಿವರಣೆ ಕೊಟ್ಟೆ.

"ಇಗೋ ಹಿತ್ತಲು. ಇದು ನಾನು. ಜಡೆ ಇರೋದು ಅಕ್ಕ. ಈಗ ಬಂತು ನೋಡಿ ಹುಚ್ಚುನಾಯಿ, ಕೋರೆಹಲ್ಲು ಮಸೀತಾ..."

ಅಕ್ಕನ ಮಗಳು ಬಾಯಿಗೆ ಸೆರಗು ತುರುಕಿದಳು. ಯಾಕೆಂದು ಗೊತ್ತಾಗಲಿಲ್ಲ. ಆಗ ಒಂದು ಸದ್ದು ಕೇಳಿತು. ಹಳೆಯ ಬಾಗಿಲು ಕಿರುಗುಟ್ಟಿದಂತೆ. ಮತ್ತೆ ಕೇಳಿತು. ತಿರುಗಿ ನೋಡಿದರೆ ಅಕ್ಕ! ಅಕ್ಕ ನಗುತ್ತಿದ್ದಳು! ಹೊಟ್ಟೆ ಹಿಡಿದುಕೊಂಡು, ಎಡಗೈಯಲ್ಲಿ ಹಾಸಿಗೆ ಬಡಿಯುತ್ತ, ಕಣ್ಣಲ್ಲಿ ನೀರು ಸುರಿಸಿಕೊಂಡು, "ಹ್ಹೆ, ಹ್ಹೆ, ಹ್ಹೆ" ಎಂದು ದನಿ ತೆಗೆದು ನಗುತ್ತಿದ್ದಳು!

"ಏನಾಯ್ತೇ?" ಎಂದೆ.

"ಮಾವ... ನಾಯಿ... ನಾಯಿ ಅಂಡು ಮುಂದೆ ಮಾಡ್ಕೊಂಡು ಓಡಿ ಬರ್ತಿದೆ!"

"ಎಲ್ಲಿ? ಸರಿಯಾಗೇ ಇದೆಯಲ್ಲ!"

"ಬಾಲ ನೋಡು ಮಾವ! ಮೂತಿ ಆ ಕಡೆ ಇದೆ! ನೀನು ಅದರ ಬಾಲಕ್ಕೆ ಗದರ್ತಿದ್ದೀಯ!"

ಮತ್ತೆ ಹಾಕಿಸಿ ನೋಡಿದೆ. ನನಗೆ ಆಗಲೂ ಸರಿಯಾಗಿಯೇ ಕಂಡಿತು. ಐದನೆಯ ಸಲಕ್ಕೆ ಕಂಡಿತು ನೋಡಿ. ಸೀಸದ ಮೊಳೆಗಳಲ್ಲಿ ಎಲ್ಲವೂ ಕನ್ನಡಿಯೊಳಗಿನಂತೆ ತಿರುವುಮುರುವು. ಹಾಳೆಯ ಮೇಲೆ ಬಲಕ್ಕೆ ಮುಖ ಮಾಡಬೇಕಾದ ನಾಯಿಯನ್ನು ಮೊಳೆ ಜೋಡಿಸುವ ಚೌಕಟ್ಟಿನಲ್ಲಿ ಎಡಕ್ಕೆ ಮುಖ ಮಾಡಿ ಕೂರಿಸಬೇಕು. ಮೂವತ್ತೊಂದು ವರ್ಷದ ಕೈ ತಾನಾಗಿ ಅದನ್ನೇ ಮಾಡಿಬಿಟ್ಟಿದೆ, ಮೂವತ್ತೊಂದು ವರ್ಷದ ಕಣ್ಣು ಅದನ್ನೇ ನೆಟ್ಟಗೆ ಓದಿಬಿಟ್ಟಿದೆ! ಪರದೆಯನ್ನು ಯಾರೂ ಹಾಳೆಗೆ ಒತ್ತುವುದಿಲ್ಲ ಎನ್ನುವುದು ನೆನಪಿರಲಿಲ್ಲ. ಎಲ್ಲ ನೆನಪಿರುವ ನನಗೆ!

ಜಟ್ಟಿ ಜಾರಿಬಿದ್ದರೂ ಮೀಸೆಗೆ ಮಣ್ಣಾಗಲಿಲ್ಲ ಎಂಬಂತೆ, "ನಗಿಸೋಕೆ ಅಂತಾನೇ ಮಾಡಿದ್ದು" ಎಂದೆ. ಇಬ್ಬರೂ ಇನ್ನಷ್ಟು ನಕ್ಕರು. ಆ ನಾಯಿ ಹಿಂಭಾಗವನ್ನು ಅಸ್ತ್ರದಂತೆ ಹಿಡಿದು ಬರುವಾಗ ಆರು ವರ್ಷದ ನಾನು ಅದರ ಬಾಲದ ಕಣ್ಣಲ್ಲಿ ಕಣ್ಣಿಟ್ಟು ಗದರುತ್ತೇನೆ. ನನಗೂ ನಗು ಬಂತು. ಮೂವರೂ ಹಾಸಿಗೆಯ ಮೇಲೆ ಉರುಳಾಡಿದೆವು.

ಹನ್ನೊಂದು ಸಲ ಹಾಕಿದೆವು. ಹನ್ನೊಂದು ಸಲವೂ ಅಕ್ಕನ ಗಂಟಲಿಂದ ದನಿ ಬಂತು. ನಾನು ಎಣಿಸಿದ್ದೇನೆ. ಸಂಜೆ ಮೇಡಂ ಬಂದಾಗ ಲೋಟದ ಕಾರ್ಡಿಗೆ ಮಾತ್ರ ಮತ್ತೆ ಕಣ್ಣು ಮುಚ್ಚಿದಳು.

ಜೂನ್ ೨೩, ಭಾನುವಾರ

ನಾಯಿಯನ್ನು ತಿರುಗಿಸಿ ಕೂರಿಸುತ್ತಿದ್ದೇನೆ. ನೂರಾ ಹನ್ನೆರಡು ಚಿತ್ರ, ಪ್ರತಿಯೊಂದರಲ್ಲೂ. ಸರಿಯಾಗಿ ಕೂರಿಸಿದ್ದೇನೋ ಇಲ್ಲವೋ ತಿಳಿಯಲು ಪರದೆಯ ಮುಂದೆ ಕೈಗನ್ನಡಿ ಹಿಡಿದು ನೋಡುತ್ತೇನೆ: ಕನ್ನಡಿಯಲ್ಲಿ ತಪ್ಪಾಗಿ ಕಂಡರೆ ಸರಿ ಇದೆ ಎಂದರ್ಥ. ಅಕ್ಕನ ಮಗಳು ಇದನ್ನು ನೋಡಿ ಬಂದ ಹಾಗೇ ಹೊರಟುಹೋದಳು.

ಜೂನ್ ೨೫, ಮಂಗಳವಾರ

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಇರಲಿ.

ಮೇಡಂ ಬಂದಿದ್ದಾಗಲೇ ತಿದ್ದಿದ ಸಿನಿಮಾ ಹಾಕಿದೆ. ಕಾರ್ಡು ತೋರಿಸಿ ಸೋತಿದ್ದರು, ಪಾಪ, ಸ್ವಲ್ಪ ಮನರಂಜನೆ ಆಗಲಿ ಎಂದುಕೊಂಡೆ. ಈ ಸಲ ನಾಯಿ ನೇರವಾಗಿ, ಹಲ್ಲು ಮುಂದೆ ಮಾಡಿ ಬಂತು. ಹುಡುಗಿ ಅಳುತ್ತ ಬೇಲಿಗೆ ಒರಗಿದಳು. ಹುಡುಗ ಎದೆ ಸೆಟೆಸಿ ನಡುವೆ ನಿಂತ.

ನಾನು ವಿವರಿಸುತ್ತಿದ್ದೆ. "ಅಕ್ಕ ಗಡಗಡ ನಡುಗ್ತಿದ್ಲು ಮೇಡಂ. 'ತಮ್ಮಾ, ನನ್ನನ್ನು ಕಾಪಾಡು' ಅಂದ್ಲು. ನಾನು ಒಂದು ಗದರಿದೆ ನೋಡಿ..."

"ಸು."

ಮೇಡಂ ಕೈ ಎತ್ತಿದರು. ನಾನು ಬಾಯಿ ಮುಚ್ಚಿದೆ.

ಅಕ್ಕನ ಮುಖ ಕೆಂಪಗಾಗಿತ್ತು. ಕತ್ತಿನ ನರ ಉಬ್ಬಿತ್ತು. ಎಡಗೈ ನನ್ನ ಕಡೆಗೆ ಚಾಚಿತ್ತು. "ಸು... ಸು... ಸುಳ್ಳು!"

ಪರದೆಯ ಮೇಲೆ ನಾಯಿ ಬಾಲ ಮುದುರಿ ಓಡುತ್ತಲೇ ಇತ್ತು.

"ಸುಳ್ಳು!" ಎಂದಳು ಅಕ್ಕ ಮತ್ತೆ. ಈ ಸಲ ಒಂದೇ ಉಸಿರಿನಲ್ಲಿ, ದಿಂಬು ಬಡಿದು.

ಬಾಗಿಲಲ್ಲಿ ನಿಂತಿದ್ದ ಅಕ್ಕನ ಮಗಳು ಅಲ್ಲೇ ಕುಸಿದು ಕೂತು ಅತ್ತಳು. ಮೇಡಂ ಅಕ್ಕನ ಕೈ ಹಿಡಿದು, "ಹೌದಮ್ಮಾ, ಸುಳ್ಳು, ಇನ್ನೊಂದ್ಸಲ ಹೇಳಿ" ಎಂದರು. ಅಕ್ಕ ಅವರತ್ತ ನೋಡಲಿಲ್ಲ, ನನ್ನನ್ನೇ ನೋಡುತ್ತ ಆರು ಸಲ ಹೇಳಿದಳು. ಜೀವನದಲ್ಲಿ ನನ್ನನ್ನು ಇಷ್ಟು ಸಲ ಸುಳ್ಳುಗಾರ ಎಂದವರಿಲ್ಲ. ನಾನು ಕೋಣೆಯಲ್ಲಿ ಕುಣಿದೆ. ಹೌದು, ಕುಣಿದೆ. ಸುಳ್ಳು, ಸುಳ್ಳು, ಸುಳ್ಳು ಎಂದು ತಾಳ ಹಾಕಿ ಕುಣಿದೆ.

ಜೂನ್ ೨೬, ಬುಧವಾರ

ಬೆಳಿಗ್ಗೆ ಅಕ್ಕನೇ ಪರದೆಯ ಕಡೆ ಕೈ ತೋರಿಸಿದಳು. ಹಾಕಿದೆ. ನಾಯಿ ಬಂದಾಗ ತಡೆದು ನಿಲ್ಲಿಸಲು ಸನ್ನೆ ಮಾಡಿದಳು.

"ನಾಯಿ" ಎಂದೆ.

ತಲೆಯಾಡಿಸಿದಳು. ಅಲ್ಲವಂತೆ. ತುಟಿ ದುಂಡಗೆ ಮಾಡಿದಳು. ಬಹಳ ಹೊತ್ತು ಹೆಣಗಿದಳು. ನನಗೆ ಸಹಾಯ ಮಾಡಬೇಕೆನ್ನಿಸಿತು. ಆದರೆ ಮೇಡಂ, "ನೀವು ಬಾಯಿ ಮುಚ್ಚಿ ಕಾಯಿರಿ ಸರ್, ಅದೇ ನಿಮ್ಮ ಕೆಲಸ" ಎಂದಿದ್ದರು. ನನಗೆ ಕೊಟ್ಟ ಕೆಲಸಗಳಲ್ಲಿ ಇದಕ್ಕಿಂತ ಕಷ್ಟದ್ದು ಇನ್ನೊಂದಿಲ್ಲ. ಕಾದೆ.

"ಕೋ... ಕೋಳಿ."

ಅಕ್ಕನ ಮಗಳು ಚಹಾದ ಲೋಟ ಕೆಳಗಿಟ್ಟಳು. "ಕೋಳಿನಾ? ಮಾವ! ಹುಚ್ಚುನಾಯಿ ಅಲ್ವಾ? ಕೋಳಿನಾ?"

ಐವತ್ತೇಳು ವರ್ಷದ ಹಿಂದಿನ ಮಾತು. ದೂರದಿಂದ ನೋಡಿದರೆ ನಾಯಿಗೂ ಕೋಳಿಗೂ ವ್ಯತ್ಯಾಸ... ಇರಲಿ. ಇಲ್ಲಿ ಬರೆದೇಬಿಡುತ್ತೇನೆ. ಅದು ಕೋಳಿಯಾಗಿತ್ತು. ಮರಿಗಳ ತಾಯಿ, ಭಾರಿ ಕೋಳಿ. ಸಾಮಾನ್ಯರಾಗಿದ್ದರೆ ಸತ್ತೇಹೋಗುತ್ತಿದ್ದರು.

ಜೂನ್ ೨೮, ಶುಕ್ರವಾರ

ಕೋಳಿ ಜೋಡಿಸಿದೆ. ಮೇಡಂ ತಮ್ಮ ಕಾರ್ಡುಗಳನ್ನು ಚೀಲದಿಂದ ತೆಗೆಯಲೇ ಇಲ್ಲ. ಸಿನಿಮಾದ ಒಂದೊಂದು ಚಿತ್ರ ನಿಲ್ಲಿಸಿ, "ಇದು ಸರಿ ಇದೆಯಾ ಅಮ್ಮಾ?" ಎಂದು ಕೇಳುತ್ತಾರೆ. ಸರಿ ಇಲ್ಲದಿದ್ದರೆ ಅಕ್ಕ ಬಿಡುವುದಿಲ್ಲ. ಇಂದಿನ ಮಾತುಗಳು: ಕೋಳಿ, ಅಲ್ಲ, ಮರಿ, ಜಡೆ ಎರಡು, ಓಡಿದ, ಅತ್ತ.

"ಯಾರು ಅತ್ರು ಅಮ್ಮಾ?"

ಅಕ್ಕ ಬೆರಳು ತೋರಿಸಿದಳು. ಎಲ್ಲರೂ ನನ್ನ ಕಡೆ ತಿರುಗಿದರು.

"ಸ್ವಲ್ಪ" ಎಂದೆ.

"ಜೋ... ಜೋರು" ಎಂದಳು ಅಕ್ಕ.

ಹೊಸ ಮಾತು! ಜೋರು! ಮೇಡಂ ಬರೆದುಕೊಂಡರು. ಹುಡುಗನ ಕಣ್ಣಿಂದ ಚುಕ್ಕಿಗಳು ಸುರಿಯುವಂತೆ ನಾನೇ ಜೋಡಿಸಿದೆ. ಮೊದಲು ಎರಡು ಚುಕ್ಕಿ ಹಾಕಿದ್ದೆ. ಅಕ್ಕ "ಇನ್ನೂ" ಎಂದಳು. ಆರು ಹಾಕಿದೆ. "ಇನ್ನೂ." ಇದು ಎರಡು ಸಲ ಹೇಳಿದ ಮಾತು, ಎಷ್ಟು ಸ್ಪಷ್ಟ! ಆದ್ದರಿಂದ ಬೇಕೆಂದೇ ಕಡಿಮೆ ಕಡಿಮೆ ಹಾಕುತ್ತ ಹೋದೆ. ಹದಿನೇಳು ಸಲ "ಇನ್ನೂ" ಎನ್ನಿಸಿದೆ. ಈಗ ಹುಡುಗನ ಕಾಲ ಕೆಳಗೆ ಕೆರೆಯೇ ನಿಂತಿದೆ.

ಜುಲೈ ೧, ಸೋಮವಾರ

ಇಂದಿನ ಮಾತುಗಳು: ಬೇಲಿ, ಚಡ್ಡಿ, ಬಿತ್ತು, ಎತ್ತಿಕೊಂಡೆ, ಸೊಂಟ. ಹುಡುಗಿ ಹುಡುಗನನ್ನು ಸೊಂಟಕ್ಕೆ ಎತ್ತಿಕೊಂಡು ಓಡುವ ಭಾಗ ಜೋಡಿಸಿದೆ. ಎಂಟು ಚಿತ್ರ. ಚೆನ್ನಾಗಿ ಬಂದಿದೆ. ಓಡುವಾಗ ಅವಳ ಎರಡು ಜಡೆಯೂ ಹಾರುತ್ತವೆ. ಹನ್ನೊಂದು ವರ್ಷದ ಸಣಕಲು ಹುಡುಗಿಗೆ ನಾನು ಭಾರವಾಗಿದ್ದಿರಬೇಕು.

ಚಡ್ಡಿ ಬಿದ್ದ ಭಾಗವನ್ನೂ ಜೋಡಿಸಿದ್ದೇನೆ. ಅಕ್ಕ ನಿಜವನ್ನೇ ಹೇಳುತ್ತಿದ್ದಾಳೆ, ಬಿಡಲಾಗುತ್ತದೆಯೇ?

ಮಾತ್ರೆಗಳೆಲ್ಲ ಹೊತ್ತಿಗೆ ಸರಿಯಾಗಿ.

ಜುಲೈ ೫, ಶುಕ್ರವಾರ

ಮೋಸ! ಮಹಾ ಮೋಸ! ಐವತ್ತೇಳು ವರ್ಷದ ಮೋಸ!

ಸಿನಿಮಾ ಪೂರ್ತಿಯಾಗಿತ್ತು, ಶುರುವಿನ ಭಾಗವೊಂದು ಬಿಟ್ಟು. ಆ ಕೋಳಿಯನ್ನು ಮರಿಗಳ ಸಮೇತ ದೊಡ್ಡ ಬುಟ್ಟಿಯೊಂದರ ಕೆಳಗೆ ಮುಚ್ಚಿಟ್ಟಿದ್ದರು. ಹಾಗಾದರೆ ಹೊರಗೆ ಬಂದದ್ದು ಹೇಗೆ? ಸಿನಿಮಾ ಮಾಡುವವನು ಇಂಥದ್ದನ್ನೆಲ್ಲ ಯೋಚಿಸಬೇಕು. ಗಾಳಿಗೆ ಬುಟ್ಟಿ ಉರುಳಿತೆಂದುಕೊಂಡು, ಗಾಳಿಗೆ ಸೊಗಸಾದ ಸುರುಳಿ ಗೆರೆ ಜೋಡಿಸಿ ಮೇಡಂ ಮುಂದೆ ಹಾಕಿದೆ.

"ಗಾಳಿ ಬೀಸ್ತು, ಬುಟ್ಟಿ ಬಿತ್ತು. ಸರಿ ತಾನೇ ಅಕ್ಕಾ?"

ಮೊದಲ ಸಲ ಅಕ್ಕ ನನ್ನ ಕಣ್ಣು ತಪ್ಪಿಸಿದ್ದು ಕಂಡೆ. ಕಿಟಕಿ ನೋಡಿದಳು. ಹೊದಿಕೆಯ ಅಂಚು ಎಳೆದಳು.

"ಅಮ್ಮಾ?" ಎಂದರು ಮೇಡಂ.

"ಗಾಳಿ... ಅಲ್ಲ."

"ಮತ್ತೆ? ಬೆಕ್ಕಾ?" ಎಂದೆ.

"ಬುಟ್ಟಿ..." ಎಂದಳು. ನಿಲ್ಲಿಸಿದಳು. ಕಾದೆ. ಈಗ ಕಾಯುವುದು ನನಗೆ ಅಭ್ಯಾಸವಾಗಿದೆ. "ಬುಟ್ಟಿ... ನಾ... ನಾನೇ... ಎತ್ತಿದ್ದು."

ಪರದೆ ಬಿಟ್ಟು ಅಕ್ಕನ ಮಂಚದ ಬಳಿ ಹೋದೆ.

"ನೀನಾ? ಬೇಕಂತಾನಾ? ನನ್ನ ಮೇಲೆ ಬಿಡೋಕಾ?"

ಅಕ್ಕ ಹೌದೆಂದು ತಲೆಯಾಡಿಸಿದಳು. ತುಟಿಯ ಒಂದು ಪಕ್ಕ, ನೆಟ್ಟಗಿರುವ ಪಕ್ಕ, ಮೆಲ್ಲಗೆ ಮೇಲೇರುತ್ತಿತ್ತು.

"ಯಾಕೇ ಅಕ್ಕಾ?"

"ನಿನ್ನ... ಜಂಬ... ಜಾಸ್ತಿ... ಆಗಿತ್ತು."

ನಾಲ್ಕು ಪದ! ಒಂದರ ಹಿಂದೆ ಒಂದು, ಕ್ರಮ ತಪ್ಪದೆ, ಒಂದು ಪೂರಾ ವಾಕ್ಯ! ಮೇಡಂ ಚಪ್ಪಾಳೆ ತಟ್ಟಿದರು. ಅಕ್ಕನ ಮಗಳು ಓಡಿಬಂದು ಅಮ್ಮನನ್ನು ತಬ್ಬಿಕೊಂಡಳು. ಇಡೀ ಮನೆಯಲ್ಲಿ ನನ್ನ ಕಷ್ಟ ಕೇಳುವವರಿಲ್ಲ!

"ಏ, ಇರಿ ಇರಿ!" ಎಂದೆ. "ತಮ್ಮನನ್ನು ಕಾಪಾಡಿದ ಜಾಣೆ ಅಂತ ಅವತ್ತು ಅಮ್ಮ ಇವಳಿಗೆ ಹೊಸ ರಿಬ್ಬನ್ ಕೊಡಿಸಿದ್ಲು! ಕೆಂಪು ರಿಬ್ಬನ್ನು! ನಾನು ಕಣ್ಣಾರೆ ನೋಡಿದ್ದೀನಿ! ನನಗೆ ಸುಳ್ಳುಗಾರ ಅಂತ ಆರು ಸಲ ಅಂದವಳು ಇವಳು!"

"ಏಳು... ಸಲ" ಎಂದಳು ಅಕ್ಕ.

"ರಿಬ್ಬನ್ ವಾಪಸ್ ಕೊಡು!"

"ಕೊಡಲ್ಲ."

"ನೀನು ಕಳ್ಳಿ!"

"ನೀ... ಅಳುಬುರುಕ!"

"ನಾನು ಆರು ವರ್ಷದ ಮಗು ಕಣೇ!"

"ಬಾಯಿ... ಮುಚ್ಚೋ!"

ನಾನು ಬಾಯಿ ಮುಚ್ಚಲಿಲ್ಲ. ಮುಚ್ಚುವುದು ಹೇಗೆ? ಇನ್ನೊಂದು ಬೈದೆ, ಅವಳು ಇನ್ನೊಂದು ಬೈದಳು, ಅರ್ಧ ಪದಗಳಲ್ಲಿ, ಮುರಿದ ಪದಗಳಲ್ಲಿ, ಉಗುಳು ಹಾರಿಸಿ. ಮೇಡಂ ಪೆನ್ನು ಹಿಡಿದು ಒಂದೊಂದನ್ನೂ ಬರೆದುಕೊಳ್ಳಲು ಹೋಗಿ ಕೈಬಿಟ್ಟರು. ಪಕ್ಕದ ಕೋಣೆಯಿಂದ ಯಾವುದೋ ಮಷೀನು ಕೂಗಿಕೊಳ್ಳುತ್ತಿತ್ತು, ಅಕ್ಕನ ಮಗಳು ಅದರ ಕಡೆ ಹೋಗಲೇ ಇಲ್ಲ.

ಈಗ ಗಾಳಿಯ ಚಿತ್ರಗಳನ್ನೆಲ್ಲ ಕಿತ್ತುಹಾಕಿ ಬುಟ್ಟಿಯ ಭಾಗ ಮತ್ತೆ ಜೋಡಿಸಲು ಕೂತಿದ್ದೇನೆ. ಎರಡು ಜಡೆಯ ಹುಡುಗಿ ತುದಿಗಾಲಲ್ಲಿ ಬರುತ್ತಾಳೆ, ಆಚೀಚೆ ನೋಡುತ್ತಾಳೆ, ಬುಟ್ಟಿ ಎತ್ತುತ್ತಾಳೆ. ಅವಳ ಮುಖಕ್ಕೆ ನಗು ಹೇಗೆ ಕೂರಿಸುವುದೆಂದು ಅಕ್ಷರಗಳನ್ನೆಲ್ಲ ಹುಡುಕುತ್ತಿದ್ದೇನೆ. ಆವರಣ ಚಿಹ್ನೆಯನ್ನು ಮಲಗಿಸಿದರೆ ಆಗುತ್ತಿತ್ತು, ಈ ಕಂಪ್ಯೂಟರು ಮಲಗಿಸಲು ಬಿಡುವುದಿಲ್ಲ.

ಒಳಗಿನಿಂದ ಅಕ್ಕ ಕೂಗುತ್ತಿದ್ದಾಳೆ. ಏನೆಂದು ಪೂರ್ತಿ ತಿಳಿಯುತ್ತಿಲ್ಲ. ಬೈಗುಳವೆಂಬುದಂತೂ ಖಾತ್ರಿ. ಹೋಗಬೇಕು, ಇಲ್ಲದಿದ್ದರೆ ಬೈಯುವುದನ್ನು ನಿಲ್ಲಿಸಿಬಿಟ್ಟಾಳು.